ಲೆನ್ಸು ಕೂರಿಸುವ ಕೆಲಸ

ಕ್ಯಾಮೆರಾ ರಿಪೇರಿ ಮಾಡುವವರ ಮನೆಗೆ ಬರುವವರಲ್ಲಿ ಅರ್ಧ ಜನ ಕ್ಯಾಮೆರಾ ತರುತ್ತಾರೆ, ಇನ್ನರ್ಧ ಜನ ಕಥೆ ತರುತ್ತಾರೆ. ಎರಡನ್ನೂ ಒಟ್ಟಿಗೆ ತರುವವರು ಬಂದ ದಿನ ನಮ್ಮ ಮನೆಯಲ್ಲಿ ಅಡುಗೆ ತಡ. ಮೂವತ್ತು ವರ್ಷದ ಮೇಲಾಯಿತು, ಇಂಥ ದಿನಗಳು ಕಡಿಮೆಯಾಗುವ ಲಕ್ಷಣ ಕಾಣುತ್ತಿಲ್ಲ.

ನಮ್ಮಪ್ಪನಿಗೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ ವಾಚ್ ರಿಪೇರಿ ಅಂಗಡಿ ಇತ್ತು. ಸ್ಕೂಲು ಬಿಟ್ಟ ಮೇಲೆ ನಾನು ಅಲ್ಲೇ ಹೋಗಿ ಕೂರುತ್ತಿದ್ದೆ. ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಬೀಳಿಸದೆ ಹಿಡಿಯುವುದನ್ನು ಅಲ್ಲಿ ಕಲಿತೆ. ಮದುವೆಯಾಗಿ ಶಿವಮೊಗ್ಗಕ್ಕೆ ಬಂದರೆ ನಮ್ಮನೆಯವರು ಫೋಟೋಗ್ರಾಫರು. ಅವರು ಕ್ಯಾಮೆರಾ ಕೆಡಿಸಿಕೊಂಡು ಬರುತ್ತಿದ್ದರು, ನಾನು ಸರಿಮಾಡುತ್ತಿದ್ದೆ. ಸಂಸಾರ ಹೀಗೆ ಚೆನ್ನಾಗಿ ಸಾಗುತ್ತಿರುವಾಗ ಊರಿನ ಬೇರೆ ಫೋಟೋಗ್ರಾಫರುಗಳೂ ಕೆಡಿಸಿಕೊಂಡು ಬರತೊಡಗಿದರು. ವಿನೋಬನಗರದ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿಯಾಯಿತು. ನಡುವೆ ಡಿಜಿಟಲ್ ಬಂದು ಕೆಲವು ವರ್ಷ ನಾನು ಬರೀ ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತಿದ್ದೆ. ಈಗ ಕಾಲೇಜು ಮಕ್ಕಳಿಗೆ ಫಿಲಂ ಕ್ಯಾಮೆರಾದ ಹುಚ್ಚು ಹಿಡಿದಿದೆ. ಅಟ್ಟದ ಮೇಲಿದ್ದ ಅಜ್ಜಂದಿರ ಕ್ಯಾಮೆರಾಗಳೆಲ್ಲ ಕೆಳಗಿಳಿದು ನೇರವಾಗಿ ನನ್ನ ಮೇಜಿಗೆ ಬರುತ್ತಿವೆ.

ನನ್ನ ಕೆಲಸದಲ್ಲಿ ತಕರಾರೆಲ್ಲ ಹೆಚ್ಚಾಗಿ ಒಂದೇ ಜಾಗದಲ್ಲಿ. ಲೆನ್ಸು ಬಂದು ಕ್ಯಾಮೆರಾಕ್ಕೆ ಕೂರುತ್ತದಲ್ಲ, ಅಲ್ಲೊಂದು ಲೋಹದ ಬಳೆ ಇರುತ್ತದೆ. ಅದಕ್ಕೆ ಮೌಂಟು ಅಂತಾರೆ. ಲೆನ್ಸು ಬದಲಾಯಿಸಬಹುದಾದ ಕ್ಯಾಮೆರಾ ಹುಟ್ಟಿದಾಗಿನಿಂದ ಈ ಬಳೆಯನ್ನು ಒಬ್ಬರು ಒಂದು ತರಹ ಮಾಡಿದರೆ ಇನ್ನೊಬ್ಬರು ಇನ್ನೊಂದು ತರಹ ಮಾಡಿದ್ದಾರೆ. ಆ ಚರಿತ್ರೆಯನ್ನು ನಾನು ಪುಸ್ತಕದಲ್ಲಿ ಓದಿದ್ದು ಕಡಿಮೆ, ಗಿರಾಕಿಗಳ ದೆಸೆಯಿಂದ ಅನುಭವಿಸಿದ್ದು ಜಾಸ್ತಿ.

ರಿಪೇರಿಯವರು ಎಲ್ಲಿ?

ಹೋದ ವರ್ಷ ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬ ನಿವೃತ್ತ ಸಂಸ್ಕೃತ ಮೇಷ್ಟ್ರು ಬಂದರು. ಕೈಯಲ್ಲಿ ಬಟ್ಟೆ ಚೀಲ, ಚೀಲದೊಳಗೆ ಟವೆಲ್ಲು, ಟವೆಲ್ಲಿನೊಳಗೆ ಅವರ ಮಾವನವರ ಕಾಲದ ಕ್ಯಾಮೆರಾ. ಲೆನ್ಸು ಎಷ್ಟು ತಿರುಗಿಸಿದರೂ ಬಿಚ್ಚಿಕೊಳ್ಳುತ್ತಿಲ್ಲವಂತೆ. ಮೊಮ್ಮಗಳು ಅದೇ ಲೆನ್ಸು ಬೇಕೆಂದು ಹಟ ಹಿಡಿದಿದ್ದಾಳೆ, ಇವರು ಮಾತು ಕೊಟ್ಟುಬಿಟ್ಟಿದ್ದಾರೆ.

"ರಿಪೇರಿಯವರು ಇದ್ದಾರಾ ತಾಯಿ?" ಅಂದರು.

"ನಾನೇ ಸರ್, ಕೊಡಿ ನೋಡ್ತೀನಿ" ಅಂದೆ.

ಅವರು ಚೀಲವನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. "ಪರವಾಗಿಲ್ಲ, ಅವಸರ ಏನಿಲ್ಲ. ಅವರು ಬರಲಿ, ಕಾಯ್ತೀನಿ."

ಇಂಥವರ ಹತ್ತಿರ ವಾದ ಮಾಡುವುದನ್ನು ನಾನು ಬಿಟ್ಟು ಎಷ್ಟೋ ಕಾಲವಾಯಿತು. ಕುರ್ಚಿ ಹಾಕಿ ಪೇಪರ್ ಕೊಟ್ಟೆ. "ಬರೀ ನೋಡಿ ಕೊಡ್ತೀನಿ ಸರ್" ಅಂತ ಕ್ಯಾಮೆರಾವನ್ನೂ ನಯವಾಗಿ ಈಚೆಗೆ ತೆಗೆದುಕೊಂಡೆ. ಅದು ತಿರುಪಿನ ಲೆನ್ಸು. ಉಪ್ಪಿನಕಾಯಿ ಬಾಟಲಿ ಮುಚ್ಚಳದ ಹಾಗೆ ಸುತ್ತು ಸುತ್ತು ತಿರುಗಿಸಿ ಕೂರಿಸುವಂಥದ್ದು. ಎಷ್ಟೋ ವರ್ಷದ ಧೂಳು, ಗ್ರೀಸು ಒಣಗಿ ಅಂಟಾಗಿತ್ತು. ಅಂಚಿಗೆ ಎರಡು ತೊಟ್ಟು ಸ್ಪಿರಿಟ್ ಬಿಟ್ಟೆ, ಕೂದಲು ಒಣಗಿಸುವ ಮೆಷಿನ್ನಿಂದ ಸ್ವಲ್ಪ ಬಿಸಿ ಕೊಟ್ಟೆ, ಸೈಕಲ್ ಟ್ಯೂಬಿನ ಪಟ್ಟಿಯನ್ನು ಲೆನ್ಸಿಗೆ ಸುತ್ತಿ ಹಿಡಿದು ತಿರುಗಿಸಿದೆ. ಕಿರ್ ಅಂತ ಒಂದು ಸದ್ದು ಬಂದು ಬಿಚ್ಚಿಕೊಂಡಿತು.

ಮೇಷ್ಟ್ರು ಪೇಪರ್ ಕೆಳಗಿಟ್ಟರು. ಲೆನ್ಸನ್ನು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ನೋಡಿದರು. "ಇದು ಬೇರೆ ಕ್ಯಾಮೆರಾಕ್ಕೆ ಆಗುತ್ತಾ?" ಅಂದರು.

"ಆಗುತ್ತೆ ಸರ್. ಒಂದು ಕಾಲದಲ್ಲಿ ಜರ್ಮನಿ, ಜಪಾನು, ರಷ್ಯಾ, ಎಷ್ಟೋ ಜನ ಮಾಡಿದ್ದು ಇದೇ ಅಳತೆಯ ತಿರುಪು. ಇವರ ಲೆನ್ಸು ಅವರಿಗೆ, ಅವರದ್ದು ಇವರಿಗೆ ಕೂರ್ತಿತ್ತು."

"ಅಂದ್ರೆ ಎಲ್ಲರಿಗೂ ಒಂದೇ ವ್ಯಾಕರಣ!" ಮೇಷ್ಟ್ರ ಮುಖ ಅರಳಿತು. "ಆಮೇಲೆ?"

"ಆಮೇಲೆ ಒಂದೊಂದು ಕಂಪನಿ ತನ್ನದೇ ಬೇರೆ ಮೌಂಟು ಮಾಡ್ಕೊಂಡ್ತು ಸರ್."

"ಹಂ. ಅಪಭ್ರಂಶ ಶುರುವಾಯ್ತು" ಅಂತ ತಲೆಯಾಡಿಸಿದರು.

ಅಷ್ಟರಲ್ಲಿ ನಮ್ಮನೆಯವರು ಕಾಫಿ ಹಿಡಿದುಕೊಂಡು ಒಳಗಿನಿಂದ ಬಂದರು. ಮೇಷ್ಟ್ರು ಎದ್ದು ನಿಂತು ಅವರ ಎರಡೂ ಕೈ ಹಿಡಿದುಕೊಂಡರು. "ಸ್ವಾಮಿ, ಮನೆಯವರಿಗೆ ಎಷ್ಟು ಚೆನ್ನಾಗಿ ಕಲಿಸಿದೀರಿ!"

ನಮ್ಮನೆಯವರು ಹೇಳಿದರು: "ನಾನು ಕಲಿಸಿದ್ದಲ್ಲ ಸರ್. ಕಾಫಿ ಮಾಡೋದನ್ನ ಅವಳೇ ನನಗೆ ಕಲಿಸಿದ್ದು."

ಗಟ್ಟಿಮೇಳ

ಈ ತಿರುಪಿನ ಲೆನ್ಸಿಗೆ ಒಂದು ದೋಷ. ಬಿಚ್ಚಲು ನಾಲ್ಕೈದು ಸುತ್ತು, ಇನ್ನೊಂದನ್ನು ಹಾಕಲು ಮತ್ತೆ ನಾಲ್ಕೈದು ಸುತ್ತು. ಅವಸರದಲ್ಲಿ ಥ್ರೆಡ್ ಅಡ್ಡಡ್ಡ ಹತ್ತಿದರೆ ಪುನಃ ಮೊದಲಿಂದ. ಬೆಟ್ಟ ಗುಡ್ಡದ ಫೋಟೋ ತೆಗೆಯುವವರಿಗೆ ತೊಂದರೆಯಿಲ್ಲ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಮದುವೆ ಹಾಗಲ್ಲ.

ನಾವು ಮದುವೆಯಾದ ಹೊಸತು. ನಮ್ಮನೆಯವರ ಹತ್ತಿರ ತಿರುಪಿನ ಕ್ಯಾಮೆರಾ ಒಂದೇ ಇತ್ತು, ಲೆನ್ಸು ಎರಡು. ಶಿವಮೊಗ್ಗದ ಒಂದು ಛತ್ರದಲ್ಲಿ ಮದುವೆ, ಫ್ಲ್ಯಾಶ್ ಹಿಡಿಯಲು ನಾನೂ ಜೊತೆಗೆ ಹೋಗಿದ್ದೆ. ಇಡೀ ಮಂಟಪ ಬರಲಿ ಅಂತ ಅಗಲದ ಲೆನ್ಸಿನಲ್ಲಿ ಒಂದು ಫೋಟೋ ತೆಗೆದರು. "ತಾಳಿ ಕಟ್ಟೋದನ್ನ ಹತ್ತಿರದಿಂದ ತೆಗೀಬೇಕು, ಲೆನ್ಸು ಬದಲಾಯಿಸ್ತೀನಿ, ಇನ್ನೂ ಹೊತ್ತಿದೆ" ಅಂದು ತಿರುಗಿಸಲು ಶುರುಮಾಡಿದರು.

ಮೂರನೇ ಸುತ್ತಿಗೆ ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ!" ಅಂತ ಕೂಗಿದರು. ಡೋಲು ಸಿಡಿಯಿತು. ನಾಲ್ಕೂ ಕಡೆಯಿಂದ ಅಕ್ಷತೆ ಹಾರಿಬಂತು. ನಮ್ಮನೆಯವರ ಒಂದು ಕೈಯಲ್ಲಿ ಆ ಲೆನ್ಸು, ಇನ್ನೊಂದು ಕೈಯಲ್ಲಿ ಈ ಲೆನ್ಸು, ಎದೆ ಮೇಲೆ ಬಾಯಿ ತೆರೆದುಕೊಂಡ ಕ್ಯಾಮೆರಾ. ಆ ಬಾಯಿಯ ತುಂಬ ಅರಿಶಿನದ ಅಕ್ಕಿ. ವಧೂವರರ ತಲೆ ಮೇಲೆ ಬಿದ್ದದ್ದಕ್ಕಿಂತ ಕ್ಯಾಮೆರಾದೊಳಗೆ ಬಿದ್ದದ್ದೇ ಜಾಸ್ತಿ ಅಂತ ನನಗೆ ಅನ್ನಿಸಿತು. ಆಮೇಲೆ ನಾನು ಚಿಮಟದಲ್ಲಿ ಒಂದೊಂದೇ ಕಾಳು ಹೆಕ್ಕಿದ್ದೇನೆ, ಹಾಗಾಗಿ ಹೇಳುತ್ತಿದ್ದೇನೆ.

ಮೇಳ ನಿಂತಿತು, ಮೂರು ಗಂಟೂ ಬಿದ್ದಿತ್ತು. ನಮ್ಮನೆಯವರು ಬೆವರುತ್ತಾ ಪುರೋಹಿತರ ಕಿವಿಯ ಹತ್ತಿರ ಹೋದರು. "ಇನ್ನೊಂದ್ಸಲ ಕಟ್ಟಿಸ್ತೀರಾ?"

"ಏನ್ರೀ ಇನ್ನೊಂದ್ಸಲ? ಇದೇನು ಕಾಫಿನಾ?"

ಹುಡುಗಿಯ ಅಪ್ಪನಿಗೆ ವಿಷಯ ಗೊತ್ತಾಗಿ ಅವರ ಮುಖ ಸಣ್ಣಗಾಯಿತು. ಒಬ್ಬಳೇ ಮಗಳು. ತಾಳಿ ಕಟ್ಟುವ ಫೋಟೋ ಇಲ್ಲದ ಆಲ್ಬಮ್ಮನ್ನು ಬೀಗರಿಗೆ ಹೇಗೆ ತೋರಿಸುವುದು? ನಮ್ಮನೆಯವರಂತೂ ಅಳುವುದೊಂದು ಬಾಕಿ. ಕೊನೆಗೆ ಪುರೋಹಿತರೇ ಕರಗಿದರು. "ಬಿಚ್ಚೋದು ಬೇಡ. ಹುಡುಗ ಸುಮ್ನೆ ದಾರ ಹಿಡ್ಕೊಂಡು ನಿಂತ್ಕೊಳ್ಳಲಿ, ತೆಕ್ಕೊಳ್ಳಿ."

ಆಗ ಹುಡುಗಿಯ ಅಜ್ಜಿ ಎದ್ದರು. "ಎರಡನೇ ಸಲ ಕೈ ಇಟ್ರೆ ಎರಡನೇ ಮದುವೆ ಆದಂಗೆ. ನಮ್ಮನೇಲಿ ಹಂಗೆಲ್ಲ ಇಲ್ಲ!"

ಮದುಮಗ ಮೆಲ್ಲಗೆ ಹೇಳಿದ: "ಹುಡುಗಿ ಇವಳೇ ಆದ್ರೆ ನನಗೆ ಎರಡನೇ ಮದುವೆನೂ ಒಪ್ಪಿಗೆ ಅಜ್ಜಿ."

ಮದುಮಗಳು ತಗ್ಗಿಸಿದ ತಲೆ ಎತ್ತದೆ ಅಂದಳು: "ಮೊದಲು ನನ್ನನ್ನ ಕೇಳಿ."

ಪಾಯಸ

ಆ ಮದುವೆಯಾದ ಮೇಲೆ ನಮ್ಮನೆಯವರು ತಿರುಪಿನ ಸಹವಾಸ ಬಿಟ್ಟು ಬಯೊನೆಟ್ ಮೌಂಟಿಗೆ ಬಂದರು. ಬಂದೂಕಿನ ತುದಿಗೆ ಚೂರಿ ಸಿಕ್ಕಿಸುತ್ತಾರಲ್ಲ, ಅದರ ಹೆಸರೇ ಇದಕ್ಕೂ. ನಮ್ಮ ಮನೆಗಳಲ್ಲಿ ಗುಂಡು ಬಲ್ಬನ್ನು ಒತ್ತಿ ಸ್ವಲ್ಪ ತಿರುಗಿಸಿ ಹಾಕುತ್ತೇವಲ್ಲ, ಹೆಚ್ಚುಕಮ್ಮಿ ಅದೇ ಉಪಾಯ. ಲೆನ್ಸನ್ನು ಇಟ್ಟು ಕಾಲು ಸುತ್ತು ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ಗಟ್ಟಿಮೇಳದ ನಡುವೆಯೂ ಬದಲಾಯಿಸಬಹುದು.

ಎಲ್ಲ ಸರಿಯಾಗಿತ್ತು. ಆದರೆ ಕೆಲವು ವರ್ಷದ ಮೇಲೆ ಅವರು ಇನ್ನೊಂದು ಕಂಪನಿಯ ಕ್ಯಾಮೆರಾವನ್ನೂ ಕೊಂಡರು. ಒಂದು ಕಂಪನಿಯ ಲೆನ್ಸು ಬಲಕ್ಕೆ ತಿರುಗಿಸಿದರೆ ಕಚ್ಚುತ್ತದೆ, ಇನ್ನೊಂದರದ್ದು ಎಡಕ್ಕೆ. ಯಾಕೆ ಹಾಗೆ ಮಾಡಿದರೋ ದೇವರಿಗೇ ಗೊತ್ತು. ಎರಡನ್ನೂ ಕೊರಳಿಗೆ ಹಾಕಿಕೊಂಡು ಓಡಾಡುವ ಮನುಷ್ಯನನ್ನು ಅವರು ಯೋಚಿಸಿಯೇ ಇರಲಿಲ್ಲ ಅಂತ ಕಾಣುತ್ತದೆ.

ಮಲವಗೊಪ್ಪದಲ್ಲಿ ಒಂದು ಗೃಹಪ್ರವೇಶ. ಮನೆಯ ಯಜಮಾನರಿಗೆ ಅಡುಗೆಯ ಫೋಟೋ ಕೂಡ ಬೇಕಿತ್ತು. ಹಿತ್ತಲಲ್ಲಿ ದೊಡ್ಡ ಕೊಳಗದಲ್ಲಿ ಶಾವಿಗೆ ಪಾಯಸ ಕುದಿಸಿ ಇಳಿಸಿಟ್ಟಿದ್ದರು. ನಮ್ಮನೆಯವರು ಸ್ಟೂಲಿನ ಮೇಲೆ ಹತ್ತಿ ನೇರ ಮೇಲಿನಿಂದ ತೆಗೆಯಲು ಹೊರಟರು. ಲೆನ್ಸು ಸ್ವಲ್ಪ ಸಡಿಲ ಅನ್ನಿಸಿತಂತೆ. ಲೆನ್ಸಿನ ಪಕ್ಕದ ಬೀಗದ ಗುಂಡಿ ಒತ್ತಿ, ಇನ್ನಷ್ಟು ಬಿಗಿಮಾಡೋಣ ಅಂತ ಕೈಗೆ ರೂಢಿಯಾದ ಕಡೆಗೆ ತಿರುಗಿಸಿದರು. ಅದು ಇನ್ನೊಂದು ಕ್ಯಾಮೆರಾದ ರೂಢಿ. ಈ ಕ್ಯಾಮೆರಾಕ್ಕೆ ಅದು ಬಿಚ್ಚುವ ಕಡೆ.

ಬುಳಕ್ ಅಂತ ಲೆನ್ಸು ಪಾಯಸದಲ್ಲಿ ಬಿತ್ತು.

ಅಡುಗೆ ಭಟ್ಟರು ಸೌಟು ಹಿಡಿದು ಓಡಿ ಬಂದರು. ನಾನೂ ಓಡಿದೆ. ಭಟ್ಟರು ಸೌಟಿನಲ್ಲಿ ಅದನ್ನು ಎತ್ತಿ ನನ್ನ ಮುಂದೆ ಹಿಡಿದರು. ದ್ರಾಕ್ಷಿ ಗೋಡಂಬಿಗಳ ನಡುವೆ ಕೂತಿತ್ತು. ಭಟ್ಟರ ಮೊದಲ ಪ್ರಶ್ನೆ: "ಅಮ್ಮಾ, ಇದು ಸಸ್ಯಾಹಾರನಾ?"

"ಗಾಜು, ಹಿತ್ತಾಳೆ, ಅಲ್ಯೂಮಿನಿಯಂ ಭಟ್ರೇ" ಅಂದೆ. ಸುಳ್ಳು ಹೇಳುವ ಹಾಗಿರಲಿಲ್ಲ, "ಒಳಗೆ ಸ್ವಲ್ಪ ಗ್ರೀಸೂ ಇದೆ" ಅಂತ ಸೇರಿಸಿದೆ.

"ಗ್ರೀಸಾ!" ಭಟ್ಟರು ಸೌಟು ಕೆಳಗಿಟ್ಟರು. "ನಲವತ್ತು ವರ್ಷದಿಂದ ತುಪ್ಪ ಹಾಕಿ ಮಾಡ್ತಿದೀನಿ, ಇವತ್ತು ಇದೊಂದು ಬಾಕಿ ಇತ್ತು." ಆದರೂ ಒಳ್ಳೆಯ ಮನುಷ್ಯ. ಯಾರಿಗೂ ಹೇಳದೆ ಅರ್ಧ ಗಂಟೆಯಲ್ಲಿ ಕೇಸರಿಬಾತ್ ಕೆದಕಿ ಎಲೆಗೆ ಹಾಕಿಸಿದರು. ನಮ್ಮನೆಯವರು ಊಟಕ್ಕೆ ಕೂರಲಿಲ್ಲ. ನಾನು ಕೂತೆ. ಕೇಸರಿಬಾತ್ ಚೆನ್ನಾಗಿತ್ತು.

ಮನೆಗೆ ಬಂದು ಲೆನ್ಸು ಬಿಚ್ಚಿದೆ. ಫೋಕಸ್ ತಿರುಗುವ ಬಳೆಯೊಳಗೆ ಒಂದು ಶಾವಿಗೆ ಎಳೆ ಅಚ್ಚುಕಟ್ಟಾಗಿ ಸುತ್ತಿಕೊಂಡು ಕೂತಿತ್ತು, ಕಾರ್ಖಾನೆಯಲ್ಲೇ ಹಾಕಿದ ಹಾಗೆ. ನಾಲ್ಕು ದಿನ ತೊಳೆದೆ, ಒರೆಸಿದೆ. ಮೇಜಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟೆ, ಇರುವೆ ಕಾಟ. ಏನು ಮಾಡಿದರೂ ಒಳಗಿನ ಗಾಜಿನ ಮೇಲೆ ಒಂದು ತೆಳ್ಳನೆ ಹಾಲಿನ ಪೊರೆ ಉಳಿದೇಬಿಟ್ಟಿತು.

ಆಮೇಲೆ ಆ ಲೆನ್ಸಿನಲ್ಲಿ ತೆಗೆದ ಫೋಟೋಗಳೆಲ್ಲ ಏನೋ ಒಂದು ಥರ ಮೃದುವಾಗಿ, ಬೆಳದಿಂಗಳ ಹಾಗೆ ಬರತೊಡಗಿದವು. ಮದುವೆ ಹೆಣ್ಣುಗಳಿಗೆ ಬಹಳ ಇಷ್ಟ. ಬೇರೆ ಊರಿನ ಫೋಟೋಗ್ರಾಫರುಗಳು ಬಂದು, "ಯಾವ ಫಿಲ್ಟರ್ ಹಾಕ್ತೀರಿ ಸಾರ್, ಹೇಳಿ" ಅಂತ ಗೋಗರೆಯುತ್ತಿದ್ದರು. ನಮ್ಮನೆಯವರು ಗಂಭೀರವಾಗಿ, "ಅದು ಇಲ್ಲಿ ಸಿಗಲ್ಲ, ಮಲವಗೊಪ್ಪದಲ್ಲಿ ಹಾಕಿಸಿದ್ದು" ಅನ್ನುತ್ತಿದ್ದರು.

ಹತ್ತಿರದ ಸಂಬಂಧಿಕರು

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮಪ್ಪನ ಅಂಗಡಿಯ ಎದುರಿಗೆ ಒಬ್ಬರು ಸ್ಟುಡಿಯೋ ಇಟ್ಟಿದ್ದರು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಕನ್ನಡ, ಕೋಪ ಬಂದರೆ ಎರಡೂ. ನನ್ನನ್ನು ಚಿಕ್ಕಂದಿನಿಂದ ನೋಡಿದ್ದರೂ ನಾನು ರಿಪೇರಿ ಶುರುಮಾಡಿದ ದಿನದಿಂದ 'ಅಕ್ಕಾ' ಅನ್ನತೊಡಗಿದ್ದರು. ಹತ್ತು ವರ್ಷ ಕೂಡಿಸಿ ಕೂಡಿಸಿ ಒಂದೇ ಕಂಪನಿಯ ಆರು ಲೆನ್ಸು ಕೊಂಡಿದ್ದರು. ಫೋಕಸ್ ತಾನೇ ಮಾಡಿಕೊಳ್ಳುವ ಹೊಸ ಕ್ಯಾಮೆರಾ ಬಂದಾಗ ಅದೇ ಕಂಪನಿಯದ್ದನ್ನು ತರಿಸಿದರು. ಕಂಪನಿ ಅಷ್ಟರಲ್ಲಿ ಮೌಂಟನ್ನೇ ಬದಲಾಯಿಸಿಬಿಟ್ಟಿತ್ತು. ಆರರಲ್ಲಿ ಒಂದೂ ಕೂರಲಿಲ್ಲ.

ನನ್ನ ಮೇಜಿನ ಮೇಲೆ ಆರನ್ನೂ ಸಾಲಾಗಿ ಇಟ್ಟು, "ಅಕ್ಕಾ, ಇದರ ಮೇಲೆ ಏನು ಬರೆದಿದೆ ಓದಿ. ಕ್ಯಾಮೆರಾ ಮೇಲೆ ಏನಿದೆ ಓದಿ. ಒಂದೇ ಹೆಸರು ತಾನೆ? ಒಂದೇ ಮನೆಯವರು ತಾನೆ? ಮತ್ತೆ ಯಾಕೆ ಮಾತಾಡಲ್ಲ?" ಅಂತ ಕೇಳಿದರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ, ಪಕ್ಕದ ಸ್ಟುಡಿಯೋದವರು ಕೊಂಡಿದ್ದ ಕಂಪನಿ ಹಳೇ ಮೌಂಟನ್ನೇ ಇಟ್ಟುಕೊಂಡಿತ್ತು. ಅವರು ದಿನಾ ಎರಡು ಸಲ ಬಂದು ಸಮಾಧಾನ ಹೇಳಿ ಹೋಗುತ್ತಿದ್ದರಂತೆ.

"ನಡುವೆ ಒಂದು ಬಳೆ ಮಾಡಿಸಿ ನೋಡೋಣ" ಅಂದೆ. ಒಂದು ಕಡೆ ಹೊಸ ಕ್ಯಾಮೆರಾಕ್ಕೆ ಕಚ್ಚಬೇಕು, ಇನ್ನೊಂದು ಕಡೆ ಹಳೇ ಲೆನ್ಸನ್ನು ಹಿಡಿಯಬೇಕು. ಭದ್ರಾವತಿಯಲ್ಲಿ ಲೇಥ್ ಕೆಲಸದವರಿಗೆ ಬರವಿಲ್ಲ. ಒಬ್ಬ ನಿವೃತ್ತ ಟರ್ನರ್ ಹತ್ತಿರ ಅಳತೆ ತೆಗೆದುಕೊಂಡು ಹೋದೆವು. ಜೀವಮಾನವಿಡೀ ಕಬ್ಬಿಣದ ಕಾರ್ಖಾನೆಯಲ್ಲಿ ಮನುಷ್ಯನೆತ್ತರದ ರೋಲರುಗಳನ್ನು ಕಡೆದವರು. ನನ್ನ ಚೀಟಿಯನ್ನು ಕನ್ನಡಕ ಏರಿಸಿ ಇಳಿಸಿ ನೋಡಿದರು.

"ಇಷ್ಟು ಸಣ್ಣದಾ? ನನ್ನ ಮೊಮ್ಮಗಳ ಬಳೆ ಇದಕ್ಕಿಂತ ದೊಡ್ಡದಿದೆ."

"ಆಗಲ್ವಾ ಅಣ್ಣ?"

"ಯಾರು ಆಗಲ್ಲ ಅಂದಿದ್ದು? ಆನೆ ಕಟ್ಟಿ ಎಳೆದ್ರೂ ಅಲ್ಲಾಡಬಾರದು, ಹಂಗೆ ಮಾಡಿಕೊಡ್ತೀನಿ."

ಎರಡು ದಿನಕ್ಕೆ ಹಿತ್ತಾಳೆಯ ಬಳೆ ಕೊಟ್ಟರು. ಮೂಗುತಿಯ ಹಾಗೆ ಹೊಳೆಯುತ್ತಿತ್ತು. ಕ್ಯಾಮೆರಾಕ್ಕೆ ಹಾಕಿದೆವು, ಕೂತಿತು. ಲೆನ್ಸು ಹಾಕಿದೆವು, ಕೂತಿತು. ಆಮೇಲೆ ಬಿಚ್ಚಲು ನೋಡಿದೆವು. ಸ್ಟುಡಿಯೋದವರು ಕ್ಯಾಮೆರಾ ಹಿಡಿದರು, ನಾನು ಲೆನ್ಸು ಹಿಡಿದೆ, ಇಬ್ಬರೂ ಎದುರುಬದುರು ಕೂತು ಒಂದು ಗಂಟೆ ಜಗ್ಗಾಡಿದೆವು. ಆನೆಯ ಮಾತು ಸುಳ್ಳಲ್ಲ. ಮೂರೂ ಸೇರಿ ಒಂದೇ ಕಬ್ಬಿಣವಾಗಿತ್ತು.

ಟರ್ನರ್ ಹತ್ತಿರ ತೆಗೆದುಕೊಂಡು ಹೋದರೆ ಅವರಿಗೆ ಬೇಜಾರು. "ಕೂರಬೇಕು ಅಂದ್ರಿ. ಕೂರಿಸಿದೀನಿ. ಬಿಡಿಸೋದು ಅಂತ ಯಾರು ಹೇಳಿದ್ರು?"

ಹೇಗೋ ಬಿಡಿಸಿ, ಒಂದೆಳೆ ತೆಳುವಾಗಿ ಇನ್ನೊಂದು ಬಳೆ ಕಡೆಸಿದೆವು. ಅದು ಸಲೀಸಾಗಿ ಕೂತಿತು, ಸಲೀಸಾಗಿ ಬಿಚ್ಚಿತು. ಆದರೆ ಹೊಸದೊಂದು ತಕರಾರು ಎದ್ದಿತು. ಲೆನ್ಸಿಗೂ ಫಿಲಂಗೂ ನಡುವೆ ಇಷ್ಟೇ ದೂರ ಅಂತ ಲೆಕ್ಕ ಇರುತ್ತದೆ. ಬಳೆ ಎಷ್ಟು ದಪ್ಪವೋ ಅಷ್ಟು ಆ ದೂರ ಜಾಸ್ತಿಯಾಯಿತು. ಹಾಗಾಗಿ ಹತ್ತಿರ ಇರುವವರು ರೆಪ್ಪೆ ಎಣಿಸುವಷ್ಟು ಸ್ಪಷ್ಟ, ನಾಲ್ಕು ಹೆಜ್ಜೆ ಆಚೆ ನಿಂತವರೆಲ್ಲ ಮಂಜು.

"ನನ್ನ ಕೈಲಿ ಇಷ್ಟೇ ಆಗೋದು" ಅಂತ ಬೇಸರದಲ್ಲೇ ಹೇಳಿದೆ. ಅವರು ಕ್ಯಾಮೆರಾ, ಲೆನ್ಸು, ಬಳೆ ಎಲ್ಲ ತೆಗೆದುಕೊಂಡು ಹೋದರು. ಇನ್ನು ಆ ಲೆನ್ಸುಗಳನ್ನು ಮಾರಿಬಿಡುತ್ತಾರೆ ಅಂದುಕೊಂಡೆ. ಮುಂದಿನ ತಿಂಗಳು ಭದ್ರಾವತಿಗೆ ಹೋದಾಗ ಸ್ಟುಡಿಯೋ ಮುಂದೆ ಜನ ನಿಂತು ನಗುತ್ತಿದ್ದರು. ಹೊಸ ಬೋರ್ಡು ತೂಗುಹಾಕಿದ್ದರು: 'ಮದುವೆ, ಮುಂಜಿ, ನಾಮಕರಣಗಳಲ್ಲಿ ಹತ್ತಿರದ ಸಂಬಂಧಿಕರ ಫೋಟೋ ಮಾತ್ರ ತೆಗೆಯಲಾಗುವುದು.'

ಲೆನ್ಸು ಇಲ್ಲ

ಹಳೇ ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂದೆ ಒಂದು ಕನ್ನಡಿ ಇರುತ್ತಿತ್ತು, ಈಗಿನ ಹೊಸ ಕ್ಯಾಮೆರಾಗಳ ಒಳಗೆ ಅದೇ ಇಲ್ಲ. ಕನ್ನಡಿ ಹೋದಮೇಲೆ ಕ್ಯಾಮೆರಾ ತೆಳ್ಳಗಾಯಿತು. ತೆಳ್ಳಗಾದದ್ದರಿಂದ ಆ ದೂರದ ಲೆಕ್ಕ ಸರಿಹೋಗುವಷ್ಟು ದಪ್ಪದ ಬಳೆಯನ್ನು ಮುಂದೆ ಹಾಕಬಹುದು. ಯಾವ ಕಾಲದ, ಯಾವ ಕಂಪನಿಯ ಫಿಲಂ ಲೆನ್ಸಾದರೂ ಸರಿ, ಬಂದು ಕೂರುತ್ತದೆ. ಹಳಬರು ಜಗಳವಾಡಿ ಬೇರೆಯಾದದ್ದೆಲ್ಲ ಹೊಸಬರ ಕಾಲಕ್ಕೆ ಒಂದಾಗಿದೆ.

ನಮ್ಮಕ್ಕನ ಮಗಳು ಮದುವೆ ಫೋಟೋ ತೆಗೆಯುತ್ತಾಳೆ. ಅಂಥ ಹೊಸ ಕ್ಯಾಮೆರಾಕ್ಕೆ ನಮ್ಮನೆಯವರ ಹಳೇ ಲೆನ್ಸು ಹಾಕಬೇಕು ಅಂತ ಬಂದಳು. ನಮ್ಮನೆಯವರಿಗೆ ಹಬ್ಬ. ಬೀರುವಿನಿಂದ ತೆಗೆದು, ಒರೆಸಿ, ನಡುವೆ ಬಳೆ ಹಾಕಿ ಅವರೇ ಕೂರಿಸಿದರು. ಅವಳು ಗುಂಡಿ ಒತ್ತಿದಳು. ಕ್ಯಾಮೆರಾ ಸುಮ್ಮನಿತ್ತು. ಪರದೆಯ ಮೇಲೆ ಬರಹ ಬಂತು.

"ಏನಂತೆ?" ಅಂದರು.

"ಲೆನ್ಸು ಹಾಕಿಲ್ಲ ಅಂತಿದೆ ಚಿಕ್ಕಪ್ಪ."

"ಹಾಕಿಲ್ವಾ?" ಅವರು ಕ್ಯಾಮೆರಾವನ್ನು ತಿರುಗಿಸಿ ಮುಂದಿನಿಂದ ನೋಡಿದರು. "ತೆಂಗಿನಕಾಯಿ ಗಾತ್ರದ್ದು ಕೂತಿದೆಯಲ್ಲೇ, ಕಣ್ಣು ಕಾಣಲ್ವಾ ಇದಕ್ಕೆ? ಏ, ಇಲ್ನೋಡು!" ಅಂತ ಲೆನ್ಸಿನ ಮೇಲೆ ಎರಡು ಸಲ ತಟ್ಟಿದರು.

ನಾನು ವಿವರಿಸಿದೆ. ಹೊಸ ಲೆನ್ಸುಗಳು ಒಳಗಿನ ತಾಮ್ರದ ಚುಕ್ಕಿಗಳಿಂದ ಕ್ಯಾಮೆರಾ ಜೊತೆ ಮಾತಾಡುತ್ತವೆ. ಹಳೆಯದು ಮಾತಾಡುವುದಿಲ್ಲ, ಹಾಗಾಗಿ ಕ್ಯಾಮೆರಾ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಸೆಟ್ಟಿಂಗಿಗೆ ಹೋಗಿ 'ಲೆನ್ಸು ಇಲ್ಲದಿದ್ದರೂ ಫೋಟೋ ತೆಗೆ' ಅಂತ ಆರಿಸಬೇಕು.

ಹುಡುಗಿ ಆರಿಸಿದಳು. ಫೋಟೋ ಬಂತು. ಬಹಳ ಚೆನ್ನಾಗಿಯೇ ಬಂತು.

ನಮ್ಮನೆಯವರು ಕುರ್ಚಿಯಲ್ಲಿ ಒರಗಿಕೊಂಡು ಹೇಳಿದರು: "ನನಗೇನೂ ಆಶ್ಚರ್ಯ ಇಲ್ಲ. ಈ ಮನೇಲಿ ಮಾತಾಡದೆ ಕೂತ ಗಂಡಸನ್ನೂ ಹಂಗೇ, ಇಲ್ಲ ಅಂತಲೇ ಲೆಕ್ಕ ಹಾಕಿ ಕೆಲಸ ತೆಗೀತಾರೆ."

ಅಜ್ಜಿಯ ಲೆನ್ಸು

ಇತ್ತೀಚೆಗೆ ನಮ್ಮ ಮನೆ ಮುಂದೆ ನಮ್ಮನೆಯವರು ಹೊಸ ಬೋರ್ಡು ಬರೆಸಿದರು. 'ಇಲ್ಲಿ ಎಲ್ಲಾ ಬಗೆಯ ಲೆನ್ಸ್‌ಗಳನ್ನು ಕೂರಿಸಿ ಕೊಡಲಾಗುವುದು. ಆರು ತಿಂಗಳು ಗ್ಯಾರಂಟಿ.' ಕ್ಯಾಮೆರಾ ಅನ್ನುವ ಮಾತು ಬಿಟ್ಟುಹೋಗಿದೆ ಅಂತ ನಾನು ಹೇಳಿದೆ. "ಲೆನ್ಸು ಅಂದ್ರೆ ಇನ್ನೇನು ಅಂದ್ಕೊಳ್ತಾರೆ?" ಅಂದರು.

ಮೂರನೇ ದಿನ ಹಿಂದಿನ ಬೀದಿಯ ಅಜ್ಜಿ ಕೋಲೂರಿಕೊಂಡು ಬಂದರು. ಒಂದು ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಆ ಹೊಸ ಕಣ್ಣಿನಲ್ಲೇ ಬೋರ್ಡು ಓದಿದ್ದರು. ಕುರ್ಚಿಯಲ್ಲಿ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಇನ್ನೊಂದು ಕಣ್ಣನ್ನು ಬೆರಳಲ್ಲಿ ತೋರಿಸಿದರು. "ಇದೊಂದು ಬಾಕಿ ಇದೆ ಮಾರಾಯ್ತಿ. ಇದಕ್ಕೆ ನೀನೇ ಕೂರಿಸಿಬಿಡು."

ನನಗೆ ನಗು ತಡೆಯಲಾಗಲಿಲ್ಲ. "ಅಜ್ಜೀ, ನಾನು ಕ್ಯಾಮೆರಾಕ್ಕೆ ಕೂರಿಸೋಳು."

"ಎಲ್ಲಾ ಬಗೆಯದ್ದು ಅಂತ ಬರೆದಿದೆಯಲ್ಲೇ?"

ಮೇಜಿನ ಮೇಲೆ ಯಾರದೋ ಮೊಳದುದ್ದದ ಟೆಲಿ ಲೆನ್ಸು ನಿಂತಿತ್ತು. ಅಜ್ಜಿಯ ಕಣ್ಣು ಅದರ ಮೇಲೆ ಬಿತ್ತು. "ಅಯ್ಯೋ, ಇಷ್ಟು ಉದ್ದದ್ದೆಲ್ಲ ಬೇಡ ಕಣೆ. ಈ ಮೂಲೇಲಿ ಕೂತ್ರೆ ಅಡುಗೆಮನೇಲಿ ಸೊಸೆ ಏನು ಮಾಡ್ತಿದಾಳೆ ಅಂತ ಕಂಡ್ರೆ ನನಗೆ ಸಾಕು."

ಕಾಫಿ ಕೊಟ್ಟು ಕೇಳಿದ ಮೇಲೆ ನಿಜ ಹೊರಬಂತು. ಆಸ್ಪತ್ರೆಯವರು ಮೂರು ಸಲ ತಾರೀಕು ಕೊಟ್ಟಿದ್ದರು, ಮೂರು ಸಲವೂ ಅಜ್ಜಿ ಏನಾದರೂ ನೆವ ತೆಗೆದು ತಪ್ಪಿಸಿಕೊಂಡಿದ್ದರು. "ಮೊದಲನೇ ಸಲ ಏನು ಮಾಡ್ತಾರೆ ಅಂತ ಗೊತ್ತಿರಲಿಲ್ಲ, ಹೋದೆ. ಈಗ ಗೊತ್ತಾಗಿದೆ ನೋಡು, ಅದಕ್ಕೇ ಭಯ. ಕಣ್ಣಲ್ಲಿ ಕೈ ಹಾಕ್ತಾರಲ್ಲೇ! ಹಿಂಗೇ ಇದ್ರೆ ಇನ್ನು ಸೂಜಿಗೆ ದಾರ ಹಾಕೋಕೂ ಆಗಲ್ಲ, ಅದೂ ಗೊತ್ತು." ಕೋಲಿನ ಹಿಡಿಯನ್ನು ಒತ್ತಿಕೊಂಡೇ ಇದ್ದರು. ನನಗೆ ನಗು ನಿಂತಿತು.

ಬೂಷ್ಟು ಹಿಡಿದ ಹಳೇ ಲೆನ್ಸು ಇದ್ದ ಕ್ಯಾಮೆರಾ ಒಂದನ್ನು ಅಜ್ಜಿಯ ಕೈಗೆ ಕೊಟ್ಟು, ಹೊಸ ಕಣ್ಣಲ್ಲಿ ನೋಡಿ ಅಂದೆ.

"ಮಂಜು ಮಂಜು."

"ನಿಮ್ಮ ಈ ಕಣ್ಣೂ ಹಿಂಗೇ. ಈಗ ಮಬ್ಬಾದ್ದನ್ನ ತೆಗೆದೆ. ಚೊಕ್ಕ ಇರೋದನ್ನ ಇಟ್ಟೆ, ತಿರುಗಿಸಿದೆ." ಟಕ್ ಅಂತ ಕಚ್ಚಿಕೊಂಡಿತು. "ನೋಡಿ."

"ಅಯ್ಯಯ್ಯೋ, ಎದುರು ಮನೆ ನಂಬರ್ ಪ್ಲೇಟು ಕಾಣ್ತಿದೆ!"

"ಇಷ್ಟೇ ಅಜ್ಜಿ ಅಲ್ಲೂ ಮಾಡೋದು."

ಅಜ್ಜಿ ತಾವೇ ಬಿಚ್ಚಿದರು, ತಾವೇ ಹಾಕಿದರು. ಟಕ್. ಬಿಚ್ಚಿದರು, ಹಾಕಿದರು. ಟಕ್. ಹತ್ತು ಸಲ ಮಾಡಿರಬೇಕು. ಎದ್ದು ಹೋಗುವಾಗ ಕೋಲನ್ನು ಊರದೆ ಕಂಕುಳಲ್ಲಿ ಇಟ್ಟುಕೊಂಡು ಹೋದರು. ಆ ವಾರವೇ ಆಪರೇಷನ್ ಮಾಡಿಸಿಕೊಂಡರಂತೆ, ಸೊಸೆ ಬಂದು ಥ್ಯಾಂಕ್ಸ್ ಹೇಳಿದಳು.

ಹದಿನೈದು ದಿನದ ಮೇಲೆ ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಗೇಟು ದೂಡಿಕೊಂಡು ಬಂದರು. ಮುಖ ನೋಡಿದರೆ ಜಗಳಕ್ಕೇ ಬಂದ ಹಾಗಿತ್ತು.

"ಸುಳ್ಳು ಹೇಳ್ತೀಯಲ್ಲೇ!"

"ಏನಾಯ್ತು ಅಜ್ಜಿ? ಕಾಣಲ್ವಾ?"

"ಕಾಣುತ್ತೆ, ಚೆನ್ನಾಗಿ ಕಾಣುತ್ತೆ. ನಿನ್ನ ಕಿಟಕಿ ಮೇಲಿನ ಜೇಡರ ಬಲೆನೂ ಕಾಣ್ತಿದೆ. ಅದಲ್ಲ. ಡಾಕ್ಟ್ರು ಕಣ್ಣು ಮರಗಟ್ಟೋ ಔಷಧಿ ಬಿಟ್ರು, ನನಗೆ ಎಚ್ಚರ ಇತ್ತು. ಒಳಗೆ ಏನೋ ಮಾಡಿದ್ರು. 'ಮುಗೀತು ಅಜ್ಜಿ, ಕೂರಿಸಿದೀನಿ' ಅಂದ್ರು. ನಾನು ಕಿವಿಕೊಟ್ಟು ಮಲಗಿದೀನಿ, ಟಕ್ ಅನ್ನಲೇ ಇಲ್ಲ!"

"ಅಯ್ಯೋ ಅಜ್ಜಿ..."

"ನಾನು ಬಿಡ್ತೀನಾ? 'ಸ್ವಾಮಿ, ಸದ್ದು ಬರಲಿಲ್ಲ, ಸರಿಯಾಗಿ ಕಚ್ಚಿಲ್ಲ, ಇನ್ನೊಂಚೂರು ತಿರುಗಿಸಿ' ಅಂದೆ. ಡಾಕ್ಟ್ರು, ನರ್ಸು ಎಲ್ಲಾ ನಗೋಕೆ ಶುರುಮಾಡಿದ್ರು. 'ಅಜ್ಜಿ, ಇದು ತಿರುಗಿಸೋದಲ್ಲ, ಮಡಚಿ ಒಳಗೆ ಬಿಟ್ರೆ ತಾನೇ ಬಿಚ್ಕೊಂಡು ಕೂರುತ್ತೆ, ಸದ್ದು ಬರಲ್ಲ' ಅಂದ್ರು. ನನಗೆ ಯಾಕೋ ನಂಬಿಕೆ ಬರಲಿಲ್ಲ."

"ಆಮೇಲೆ?"

"ಆಮೇಲೇನು, ಕೇಳೇಬಿಟ್ಟೆ. 'ವಿನೋಬನಗರದಲ್ಲಿ ಒಬ್ಬಳು ಹೆಂಗಸು ಟಕ್ ಅನ್ನಿಸಿ ಕೂರಿಸಿ, ಆರು ತಿಂಗಳು ಗ್ಯಾರಂಟಿನೂ ಕೊಡ್ತಾಳೆ. ಸದ್ದೇ ಬರದಂಗೆ ಕೂರಿಸಿದೀರಲ್ಲ, ನೀವೆಷ್ಟು ತಿಂಗಳು ಕೊಡ್ತೀರಿ?'"